ಚರಿಗೆಯಲ್ಲಿ ಉಳಿದ ಸ್ಟುಡಿಯೊ

ಮದುವೆ ಆಲ್ಬಮ್ಮಿಗೆ ಹಸಿರು ಪರದೆಯ ಮುಂದೆ ಫೋಟೊ ತೆಗೆದು, ಹಿಂದೆ ಅಣ್ಣಿಗೇರಿಯ ಅಮೃತೇಶ್ವರ ಗುಡಿ ಕೂಡಿಸುವ ಕೆಲಸವನ್ನೇ ನೋಡಿ. ಮದುಮಗಳ ಕೈತುಂಬ ಹಸಿರು ಗಾಜಿನ ಬಳೆ. ಕಂಪ್ಯೂಟರು ಪರದೆಯ ಜೊತೆ ಬಳೆಯನ್ನೂ ಅಳಿಸಿಬಿಡುತ್ತದೆ. ನೀಲಿ ಪರದೆ ಕಟ್ಟಿದರೆ ಬಳೆ ಉಳಿದೀತು. ಆದರೆ ಕೈಯಲ್ಲಿರುವ ಬೆಳ್ಳಿ ಚರಿಗೆಯ ಹೊಟ್ಟೆಯಲ್ಲಿ ಆ ನೀಲಿಯೇ ಕೂತಿರುತ್ತದೆ. ಅಳಿಸಿದರೆ ಚರಿಗೆಗೆ ತೂತು, ಬಿಟ್ಟರೆ ಗುಡಿಯೊಳಗೆ ಸ್ಟುಡಿಯೊ.

ಅಂಚು ನಾಜೂಕಾಗಿ ಕತ್ತರಿಸಿದರೆ ಚಿತ್ರ ಕೂಡಿಕೊಂಡಿತು ಎಂದು ನಂಬುವವರು ಬಹಳ. ನನ್ನ ಮಟ್ಟಿಗೆ, ಕಣ್ಣು ಅಂಚಿಗಿಂತ ಮೊದಲು ಹೊಳಪಿನ ಸುಳ್ಳನ್ನು ಹಿಡಿಯುತ್ತದೆ. ನವಲಗುಂದದ ಜಮಖಾನೆಯನ್ನು ಬೇರೆ ಚಿತ್ರದೊಳಗೆ ಹಾಸುವುದು ಸುಲಭ. ಹತ್ತಿ ನೂಲು ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತದೆ. ನೆರಳು, ಬಣ್ಣ ಹೊಂದಿಸಿದರೆ ಸಾಕು. ಹನ್ನೊಂದನೆಯ ಶತಮಾನದ ಅಮೃತೇಶ್ವರ ಗುಡಿಯ ಬಳಪದ ಕಲ್ಲಿನ ಕಂಬ ಹಾಗೆ ಬಗ್ಗುವುದಿಲ್ಲ. ಅದರ ನುಣುಪು ದುಂಡು ಮೈಮೇಲೆ ಹೊರಗಿನ ಬೆಳಕು ಉದ್ದನೆಯ ಗೆರೆಯಾಗಿ ನಿಲ್ಲುತ್ತದೆ. ನೀವು ಎಡಕ್ಕೆ ಸರಿದರೆ ಗೆರೆಯೂ ಸರಿಯುತ್ತದೆ. ಅದನ್ನು ಕಂಬದ ಬಣ್ಣವೆಂದು ತಿಳಿದು ಹಾಗೇ ಕತ್ತರಿಸಿ ಬೇರೆಡೆ ಅಂಟಿಸಿದರೆ, ಇಲ್ಲದ ದಿಕ್ಕಿನಿಂದ ಬಿಸಿಲು ಬಂದಂತಾಗುತ್ತದೆ.

ಗಾಜು ಇನ್ನೂ ಕಠಿಣ. ಹಿಂದಿನದನ್ನು ತೋರಿಸುತ್ತದೆ, ಅದೂ ಬಾಗಿಸಿ. ಇದಕ್ಕೆ 1999ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡಗ್ಲಸ್ ಝಾಂಕರ್, ಡಾನ್ ವರ್ನರ್, ಬ್ರಯನ್ ಕರ್ಲೆಸ್, ಡೇವಿಡ್ ಸಲೆಸಿನ್ ಹುಡುಕಿದ ದಾರಿ ನನಗೆ ಬಹಳ ಇಷ್ಟ. ವಸ್ತುವಿನ ಹಿಂದೆ ಮತ್ತು ಪಕ್ಕಗಳಲ್ಲಿ ಪಟ್ಟೆಗಳ ಚಿತ್ರ ಮೂಡಿಸುತ್ತ, ಅಗಲ ಪಟ್ಟೆಯಿಂದ ಸಣ್ಣ ಪಟ್ಟೆಗೆ, ಅಡ್ಡದಿಂದ ಉದ್ದಕ್ಕೆ ಬದಲಿಸುತ್ತ, ಒಂದೊಂದಕ್ಕೂ ಫೋಟೊ ತೆಗೆದರು. ಚಿತ್ರದ ಪ್ರತಿ ಚುಕ್ಕೆಗೆ ಹಿನ್ನೆಲೆಯ ಯಾವ ಭಾಗದಿಂದ ಎಷ್ಟು ಬೆಳಕು ಬಂತು ಎಂಬುದು ಆ ಸರಣಿಯಿಂದ ಲೆಕ್ಕಕ್ಕೆ ಸಿಕ್ಕಿತು. ಆಮೇಲೆ ಹಿನ್ನೆಲೆ ಯಾವುದನ್ನೇ ಇಡಿ, ಗಾಜಿನೊಳಗೆ ಅದೇ ಬಾಗಿ ಕಾಣುತ್ತದೆ. ವಸ್ತುವೂ ಕ್ಯಾಮೆರಾವೂ ಅಲುಗಬಾರದು. ಹಾಗಾಗಿ ಬಳೆಯನ್ನು ಮೇಜಿನ ಮೇಲಿಟ್ಟರೆ ಸಾಧ್ಯ, ಮದುಮಗಳ ಕೈಯಲ್ಲಿ ಕಷ್ಟ.

ಊರಿನ ಸ್ಟುಡಿಯೊಕ್ಕೆ ಒದಗುವ ಉಪಾಯ ಕಂಪ್ಯೂಟರ್ ಗ್ರಾಫಿಕ್ಸ್ ಸಂಶೋಧಕ ಪಾಲ್ ಡೆಬೆವೆಕ್ 1998ರಲ್ಲಿ ತೋರಿಸಿದ್ದು. ಗುಡಿಯ ಹಿನ್ನೆಲೆ ತೆಗೆಯುವಾಗಲೇ, ಮದುಮಕ್ಕಳು ನಿಲ್ಲಬೇಕಾದ ಜಾಗದಲ್ಲಿ ಕನ್ನಡಿಯಂತೆ ಹೊಳೆಯುವ ಸ್ಟೀಲ್ ಗುಂಡು ಇಟ್ಟು, ಎಕ್ಸ್‌ಪೋಷರ್ ಬದಲಿಸುತ್ತ ನಾಲ್ಕಾರು ಫೋಟೊ ತೆಗೆಯಿರಿ. ಒಂದರಲ್ಲಿ ಕಂಬಗಳ ನಡುವಿನ ಕತ್ತಲು ಬಿಡಿಸಿ ಕಾಣಲಿ, ಇನ್ನೊಂದರಲ್ಲಿ ಹೊರಗಿನ ಬಿಸಿಲು ಬೆಳ್ಳಗೆ ಕರಗದೆ ನಿಲ್ಲಲಿ. ಎಲ್ಲವನ್ನೂ ಕೂಡಿಸಿದರೆ ಆ ಜಾಗಕ್ಕೆ ಬರುವ ಸುತ್ತಲಿನ ಬೆಳಕಿನ ನಕ್ಷೆ ಸಿಗುತ್ತದೆ. ಸ್ಟುಡಿಯೊದಲ್ಲಿ ದೀಪ ಹಚ್ಚಬೇಕಾದದ್ದು ಅದನ್ನು ಎದುರಿಗಿಟ್ಟುಕೊಂಡೇ.