ಗಿಡಕ್ಕೆ ನೀರೆರೆಯುವ ಹೊಣೆ

ವೃದ್ಧಾಪ್ಯದ ಆರೋಗ್ಯಕ್ಕೂ ‘ಹಿಡಿತದ ಭಾವ’ಕ್ಕೂ, ಅಂದರೆ ದಿನಚರಿಯ ಆಗುಹೋಗುಗಳಲ್ಲಿ ತನ್ನ ತೀರ್ಮಾನಕ್ಕೂ ಬೆಲೆಯಿದೆ ಎಂಬ ನಂಬಿಕೆಗೂ ಇರುವ ನಂಟಿನ ಚರ್ಚೆಯಲ್ಲಿ, ಮನಶ್ಶಾಸ್ತ್ರಜ್ಞೆಯರಾದ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ 1976ರಲ್ಲಿ ಪ್ರಕಟಿಸಿದ ಪ್ರಯೋಗದ ಹೆಸರು ಮತ್ತೆ ಮತ್ತೆ ಬರುತ್ತದೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಆರ್ಡನ್ ಹೌಸ್ ಶುಶ್ರೂಷಾಲಯದ ಒಂದು ಮಹಡಿಯ 47 ವೃದ್ಧರಿಗೆ, ಕೋಣೆಯ ಸಾಮಾನುಗಳನ್ನು ಹೇಗಿಡಬೇಕು, ಹೊತ್ತನ್ನು ಹೇಗೆ ಕಳೆಯಬೇಕು ಎಂಬುದೆಲ್ಲ ಅವರವರ ಹೊಣೆಯೆಂದು ಆಡಳಿತಾಧಿಕಾರಿ ನೆನಪಿಸಿದರು. ಬೇಕಾದ ಗಿಡವನ್ನು ಆರಿಸಿ ತಾವೇ ಸಾಕಿಕೊಳ್ಳುವಂತೆಯೂ, ಚಲನಚಿತ್ರ ನೋಡುವ ರಾತ್ರಿಯನ್ನು ತಾವೇ ಗೊತ್ತುಮಾಡಿಕೊಳ್ಳುವಂತೆಯೂ ಹೇಳಿದರು. ಇನ್ನೊಂದು ಮಹಡಿಯ 44 ಮಂದಿಗೂ ಗಿಡ ದೊರೆಯಿತಾದರೂ ಅದಕ್ಕೆ ನೀರೆರೆಯುವ ಕೆಲಸ ದಾದಿಯರದಾಗಿತ್ತು. ಮೂರು ವಾರಗಳಲ್ಲಿ ಮೊದಲ ಗುಂಪಿನವರು ಹೆಚ್ಚು ಚುರುಕಾಗಿ ಕಂಡರು. 18 ತಿಂಗಳ ಬಳಿಕ ನೋಡಿದಾಗ ಆ ಗುಂಪಿನಲ್ಲಿ 7 ಮಂದಿಯೂ ಮತ್ತೊಂದರಲ್ಲಿ 13 ಮಂದಿಯೂ ತೀರಿಕೊಂಡಿದ್ದರು.

ಈ ಕೊನೆಯ ಅಂಕಿಗಳೇ ಪ್ರಯೋಗಕ್ಕೆ ಅಪಾರ ಖ್ಯಾತಿಯನ್ನು ತಂದವು. ಆದರೆ ಲೆಕ್ಕದಲ್ಲಿ ತಪ್ಪಿತ್ತೆಂದು 1978ರಲ್ಲಿ ತಿದ್ದುಪಡಿ ಪ್ರಕಟವಾಯಿತು, ಸಾವಿನ ಅಂತರವು ಬರಿಯ ಆಕಸ್ಮಿಕವಲ್ಲವೆಂದು ಖಚಿತವಾಗಿ ಹೇಳಲಾಗದಷ್ಟು ಅದರ ಸಂಖ್ಯಾಶಾಸ್ತ್ರೀಯ ಬಲ ಕುಗ್ಗಿತು ಎಂಬ ಸಂಗತಿಗೆ ಅಷ್ಟು ಪ್ರಚಾರ ದೊರೆಯಲಿಲ್ಲ. ಜನರನ್ನು ಒಬ್ಬೊಬ್ಬರನ್ನಾಗಿ ಅಲ್ಲದೆ ಮಹಡಿ ಮಹಡಿಯಾಗಿ ವಿಂಗಡಿಸಿದ್ದೂ ದೊಡ್ಡ ಕೊರತೆಯೇ. ಇವುಗಳಿಗಿಂತ ಆಳವಾದ ತೊಡಕು ಹಿಡಿತದ ಅರ್ಥದಲ್ಲಿದೆ: ಆಯ್ಕೆ, ಹೊಣೆ, ಮತ್ತೊಂದು ಜೀವವನ್ನು ಪಾಲಿಸುವ ಸುಖ ಈ ಮೂರೂ ಒಂದೇ ಗಿಡದಲ್ಲಿ ಹೆಣೆದುಕೊಂಡಿರುವುದರಿಂದ ಯಾವುದು ಫಲ ಕೊಟ್ಟಿತೆಂದು ಬಿಡಿಸಿ ಹೇಳಲಾಗದು. ಆಡಳಿತಾಧಿಕಾರಿ ವಿವರಿಸಿದ ಸ್ವಾತಂತ್ರ್ಯಗಳಲ್ಲಿ ಹೆಚ್ಚಿನವು ಅಲ್ಲಿ ಮೊದಲಿನಿಂದಲೂ ಇದ್ದವು. ಇದ್ದ ಹಕ್ಕನ್ನು ಬಾಯಿಬಿಟ್ಟು ಹೇಳಿದ ಮಾತ್ರಕ್ಕೇ ಮುದುಕರಲ್ಲಿ ಗೆಲುವು ಮೂಡಿದ್ದರೆ, ಅಲ್ಲಿಯವರೆಗೆ ಅವರನ್ನು ಮಂಕಾಗಿಸಿದ್ದು ವಯಸ್ಸೊಂದೇ ಎನ್ನುವುದು ಕಷ್ಟ.

ಇದೇ ಕಾಲದಲ್ಲಿ ರಿಚರ್ಡ್ ಶುಲ್ಜ್ ನಡೆಸಿದ ಅಧ್ಯಯನವನ್ನು ಇದರ ಜೊತೆಗಿಟ್ಟು ಓದಬೇಕು. ಕಾಲೇಜು ವಿದ್ಯಾರ್ಥಿಗಳು ಯಾವಾಗ ಬಂದು ಎಷ್ಟು ಹೊತ್ತು ಇರಬೇಕೆಂದು ತಾವೇ ನಿರ್ಧರಿಸಿದ ವೃದ್ಧರೂ, ಭೇಟಿಯ ಸಮಯ ಮೊದಲೇ ತಿಳಿದಿದ್ದ ವೃದ್ಧರೂ ಆರಂಭದಲ್ಲಿ ಚೇತರಿಸಿಕೊಂಡರು. ಆದರೆ ಅಧ್ಯಯನ ಮುಗಿದು ಭೇಟಿಗಳು ನಿಂತ ಮೇಲೆ ಅವರ ಸ್ಥಿತಿ ಇಳಿಮುಖವಾಯಿತೆಂದು ಶುಲ್ಜ್ ಮತ್ತು ಬಾರ್ಬರಾ ಹನುಸಾ 1978ರಲ್ಲಿ ವರದಿ ಮಾಡಿದರು. ಗಿಡ ಸಂಶೋಧಕರು ಹೊರಟುಹೋದ ಮೇಲೂ ಕೋಣೆಯಲ್ಲೇ ಉಳಿಯುವಂಥದ್ದು, ವಿದ್ಯಾರ್ಥಿಯ ಭೇಟಿ ಹಾಗಲ್ಲ; ಎರಡು ಫಲಿತಾಂಶಗಳ ಅಂತರಕ್ಕೆ ಇದೂ ಒಂದು ಕಾರಣವಾಗಿರಬಹುದು.