ಅಮ್ಮನ ಸ್ವಿಚ್ಚಿಗೆ ಮೊದಲ ಮರ್ಯಾದೆ

ಎಲೆಕ್ಟ್ರಾನಿಕ್ಸ್ ಹುಚ್ಚಿನವರು ಇಬ್ಬರು ಸೇರಿದರೆ ಮೊದಲು ಕೇಳುವುದು ಆರೋಗ್ಯವನ್ನಲ್ಲ. ‘ಈಚೆಗೆ ಏನು ತಗೊಂಡ್ರಿ?’ ಅನ್ನುತ್ತಾರೆ. ‘ಅದರಲ್ಲಿ ಏನು ಮಾಡಿದ್ರಿ?’ ಎಂಬ ಎರಡನೆಯ ಪ್ರಶ್ನೆಯನ್ನು ತಿಳಿದವರು ಕೇಳುವುದಿಲ್ಲ, ಸ್ನೇಹ ಕೆಡುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಓಣಿಗಳಿಂದ ಕವರಿನಲ್ಲಿ ಮನೆಗೆ ಬಂದ ಎಷ್ಟೋ ಬೋರ್ಡುಗಳು ಅದೇ ಕವರಿನಲ್ಲೇ ಬೀರುವಿನ ತಳ ಸೇರಿರುತ್ತವೆ. ಹಾಗಾಗಿ ಈ ವಾರ ಎರಡನೆಯ ಪ್ರಶ್ನೆಗೂ ಉತ್ತರ ಇರುವ ಖರೀದಿಗಳನ್ನಷ್ಟೇ ಎತ್ತಿಕೊಂಡಿದ್ದೇನೆ.

ಮೊದಲನೆಯದು ಕಾಂಪೊನೆಂಟ್ ಟೆಸ್ಟರ್. ಅಂಗೈಯಗಲದ ಬೋರ್ಡು, ಒಂದು ಒಂಬತ್ತು ವೋಲ್ಟ್ ಬ್ಯಾಟರಿ, ಪುಟ್ಟ ಪರದೆ. ಗುರುತು ಅಳಿಸಿಹೋದ ಮೂರು ಕಾಲಿನ ಯಾವುದನ್ನಾದರೂ ಸಿಕ್ಕಿಸಿ ಗುಂಡಿ ಒತ್ತಿದರೆ, ಇದು ಎನ್‌ಪಿಎನ್ ಟ್ರಾನ್ಸಿಸ್ಟರ್, ಇಂಥ ಕಾಲು ಬೇಸ್ ಎಂದು ಚಿತ್ರ ಸಮೇತ ತೋರಿಸುತ್ತದೆ. ಇದರ ಮೂಲ ವಿನ್ಯಾಸ ಜರ್ಮನಿಯ ಮಾರ್ಕುಸ್ ಫ್ರೆಜೆಕ್ ಅವರದು. ಅದನ್ನು ಕಾರ್ಲ್-ಹೈನ್ಸ್ ಕ್ಯೂಬೆಲರ್ ಬಹಳ ಮುಂದಕ್ಕೆ ಬೆಳೆಸಿದರು. ಇಬ್ಬರೂ ಯಾವುದನ್ನೂ ಬಚ್ಚಿಡಲಿಲ್ಲವಾದ್ದರಿಂದ ಚೀನಾದ ಕಾರ್ಖಾನೆಗಳು ಅದನ್ನೇ ಅಗ್ಗವಾಗಿ ಮಾಡಿ ಜಗತ್ತಿಗೆಲ್ಲ ಹಂಚುತ್ತಿವೆ.

ಮನೆಯಲ್ಲಿ ಇದಕ್ಕೇನು ಕೆಲಸ? ತಲೆಯೆತ್ತಿ ಸೀಲಿಂಗ್ ಫ್ಯಾನ್ ನೋಡಿ. ‘ಮೊದಲಿನ ಹಾಗೆ ಗಾಳಿ ಬರ್ತಿಲ್ಲ’ ಎಂಬ ದೂರು ಬೇಸಗೆಗೊಮ್ಮೆ ಬರುತ್ತದೆ. ರೆಗ್ಯುಲೇಟರ್ ಬದಲಾಗುತ್ತದೆ, ಹಲವೊಮ್ಮೆ ಫ್ಯಾನೇ ಬದಲಾಗುತ್ತದೆ. ತಪ್ಪಿತಸ್ಥ ಮಾತ್ರ ಮೇಲಿನ ಬಟ್ಟಲಿನೊಳಗೆ ಅಡಗಿ ಕೂತಿರುವ ಕಂಡೆನ್ಸರ್. ಸಾಮಾನ್ಯ ಫ್ಯಾನಿಗೆ 2.5 ಮೈಕ್ರೋಫ್ಯಾರಡ್. ಅದರೊಳಗಿನ ಪ್ಲಾಸ್ಟಿಕ್ ಹಾಳೆಗೆ ತೀರಾ ತೆಳುವಾದ ಲೋಹದ ಲೇಪನವಿರುತ್ತದೆ. ಎಲ್ಲಾದರೂ ಒಂದು ಚುಕ್ಕೆಯಷ್ಟು ಜಾಗ ಶಾರ್ಟ್ ಆದರೆ ಸುತ್ತಲಿನ ಲೇಪನ ಆವಿಯಾಗಿ ಗಾಯ ತಾನೇ ಮಾಯುತ್ತದೆ. ಆದರೆ ಪ್ರತಿ ಸಲ ಮಾಯುವಾಗಲೂ ಸಾಮರ್ಥ್ಯ ಒಂದಿಷ್ಟು ಕರಗುತ್ತದೆ, ಫ್ಯಾನ್ ಅಷ್ಟೇ ನಿಧಾನವಾಗುತ್ತದೆ. ಟೆಸ್ಟರಿಗೆ ಹಾಕಿದಾಗ ಒಂದೂವರೆ ಮೈಕ್ರೋಫ್ಯಾರಡ್ ತೋರಿಸಿದರೆ ಹೊಸದನ್ನು ತನ್ನಿ. ಬೆಲೆ ಒಂದು ಹೋಟೆಲ್ ತಿಂಡಿಯಷ್ಟು. ಎಂಸಿಬಿ ಇಳಿಸಿದ ಮೇಲೆಯೇ ಏಣಿ ಹತ್ತಬೇಕು, ಬಿಚ್ಚಿದ ಕಂಡೆನ್ಸರಿನ ಎರಡು ತಂತಿಗಳನ್ನು ಒಂದು ರೆಸಿಸ್ಟರ್ ಮೂಲಕ ಮುಟ್ಟಿಸಿ ಖಾಲಿ ಮಾಡಬೇಕು. ಉಳಿದ ಚಾರ್ಜು ಟೆಸ್ಟರಿನ ಚಿಪ್ಪನ್ನು ಒಂದೇ ಏಟಿಗೆ ಕೊಲ್ಲುತ್ತದೆ.

ಬೆಸುಗೆ ಕಡ್ಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೈನ್‌ಸಿಲ್ ತರಹದ ಯುಎಸ್‌ಬಿ-ಸಿ ಕಡ್ಡಿಗಳು ಹತ್ತಾರು ಸೆಕೆಂಡಿನೊಳಗೆ ಕಾಯುತ್ತವೆ, ಜೇಬಿನಲ್ಲಿ ಹಿಡಿಯುತ್ತವೆ. ಅಭ್ಯಾಸವಾದ ಮೇಲೆ ಹಳೆಯ 25 ವಾಟ್ ಸೋಲ್ಡ್ರಾನ್ ಕಾಯುವವರೆಗೆ ಕಾಯುವುದು ಕಷ್ಟ. ಆದರೂ ಅದನ್ನು ಯಾರಿಗೂ ಕೊಟ್ಟುಬಿಡಬೇಡಿ. ಸೀಸದ ತಂತಿ ಕೊಳ್ಳುವಾಗ ಮಾತ್ರ 63/37 ಎಂದು ಕೇಳಿ. 183 ಡಿಗ್ರಿಯಲ್ಲಿ ಕರಗಿದ್ದು ಆರುವಾಗ ಒಮ್ಮೆಲೇ ಗಟ್ಟಿಯಾಗುತ್ತದೆ, ನಡುವಿನ ಗಂಜಿಯಂಥ ಅವಸ್ಥೆಯೇ ಇರುವುದಿಲ್ಲ. ಕೈ ನಡುಗುವವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಇನ್ನು ಅಸಲು ವಿಷಯ, ನೀರಿನ ಟ್ಯಾಂಕು. ನೆಲದಡಿಯ ಸಂಪು, ತಾರಸಿಯ ಸಿಂಟೆಕ್ಸು, ನಡುವೆ ಒಂದು ಮೋಟಾರು ಇರುವ ಯಾವ ಮನೆಯಲ್ಲೂ ‘ಮೋಟಾರ್ ಆಫ್ ಮಾಡಿದ್ರಾ?’ ಎಂಬ ಕೂಗು ಕೇಳದ ದಿನವಿಲ್ಲ. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬಡಾವಣೆಗಳಲ್ಲಂತೂ ಸಂಪಿನ ಮಟ್ಟ ಮನೆಯ ಗುಟ್ಟು. ಹವ್ಯಾಸಿಗಳೆಲ್ಲರ ಪರೀಕ್ಷೆ ನಡೆಯುವುದು ಇಲ್ಲೇ, ಬಹುಪಾಲು ಜನ ನಪಾಸಾಗುವುದೂ ಇಲ್ಲೇ.

ಎಲ್ಲರೂ ಮೊದಲು ಕೊಳ್ಳುವುದು ಎರಡು ಕಣ್ಣಿನ ಅಲ್ಟ್ರಾಸಾನಿಕ್ ಸೆನ್ಸರ್, ಎಚ್‌ಸಿ-ಎಸ್‌ಆರ್04. ಮೇಜಿನ ಮೇಲೆ ಎರಡು ಸೆಂಟಿಮೀಟರಿನಿಂದ ನಾಲ್ಕು ಮೀಟರಿನವರೆಗೆ ಚೆನ್ನಾಗಿಯೇ ಅಳೆಯುತ್ತದೆ. ಟ್ಯಾಂಕಿನ ಮುಚ್ಚಳದಡಿ ಇಟ್ಟರೆ ಬಿಸಿಲಿಗೆ ಎದ್ದ ಆವಿ ಅದರ ಕಣ್ಣಿಗೆ ಹನಿಗಟ್ಟುತ್ತದೆ, ಕಾಲುಗಳಿಗೆ ತುಕ್ಕು ಹಿಡಿಯುತ್ತದೆ. ನೀರು ತಾಗದಂತೆ ಮುಚ್ಚಿದ ಜೆಎಸ್‌ಎನ್ ಜಾತಿಯ ಸೆನ್ಸರು ಬಾಳಿಕೆ ಬರುತ್ತದೆ, ಆದರೆ ಸುಮಾರು 20 ಸೆಂಟಿಮೀಟರಿಗಿಂತ ಹತ್ತಿರದ್ದು ಅದಕ್ಕೆ ಕಾಣುವುದಿಲ್ಲ. ಟ್ಯಾಂಕು ತುಂಬುತ್ತಾ ಬಂದಾಗಲೇ ಕುರುಡು! ಪೈಪಿನ ತುಂಡೊಂದರ ಮೇಲೆ ಅದನ್ನು ಎತ್ತರಿಸಿ ಕೂರಿಸದಿದ್ದರೆ ಪ್ರಯೋಜನವಿಲ್ಲ.

ಎರಡನೆಯ ದಾರಿ ನೀರಿನೊಳಗೆ ತಂತಿ ಇಳಿಬಿಡುವುದು. ನೀರು ತಾಗಿದರೆ ಕರೆಂಟು ಹರಿಯುತ್ತದೆ, ಅಲ್ಲಿಗೆ ಮಟ್ಟ ಗೊತ್ತಾಯಿತು. ಆದರೆ ಸದಾ ಡಿಸಿ ಹರಿಸಿದರೆ ಪಾಸಿಟಿವ್ ಬದಿಯ ತಾಮ್ರ ನೀರಿಗೆ ಕರಗುತ್ತಾ ಹೋಗಿ ತುದಿ ಹಸಿರುಗಟ್ಟುತ್ತದೆ, ಕೊನೆಗೆ ಮಾಯವಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಕಡ್ಡಿ ಹಾಕಿ, ಕೆಲವು ಸೆಕೆಂಡಿಗೊಮ್ಮೆ ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ ಕರೆಂಟು ಕೊಡುವುದು ಇದಕ್ಕೆ ಮದ್ದು. ಇಎಸ್‌ಪಿ32 ಎಂಬ ಪುಟ್ಟ ಕಂಟ್ರೋಲರ್ ಬೋರ್ಡಿಗೆ ಅದು ನಾಲ್ಕು ಸಾಲು ಪ್ರೋಗ್ರಾಮಿನ ಕೆಲಸ. ಬೋರ್‌ವೆಲ್ ನೀರಾದರೆ ಕಡ್ಡಿಗೆ ಬಿಳಿ ಗಾರೆ ಕಟ್ಟುತ್ತದೆ, ಆಗಾಗ ಉಜ್ಜಬೇಕು. ಮತ್ತೊಂದು ಮಾತನ್ನು ತುಸು ಗಟ್ಟಿಯಾಗಿಯೇ ಹೇಳಬೇಕು. ಟ್ರಾನ್ಸ್‌ಫಾರ್ಮರ್ ಇಲ್ಲದೆ ಬರೀ ಕಂಡೆನ್ಸರಿನಿಂದ ವೋಲ್ಟೇಜ್ ಇಳಿಸುವ ಅಗ್ಗದ ಸರ್ಕ್ಯೂಟನ್ನು ಈ ತಂತಿಗಳಿಗೆ ಜೋಡಿಸಿದರೆ ಮನೆಮಂದಿ ಸ್ನಾನ ಮಾಡುವ ನೀರಿಗೇ 230 ವೋಲ್ಟ್ ತಗುಲುವ ಅಪಾಯವಿದೆ. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ಬೇಡ. ಕರೆಂಟು ಸೋರಿದೊಡನೆ ಕಡಿದುಹಾಕುವ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸದೆ ಈ ಕೆಲಸಕ್ಕೆ ಕೈ ಹಾಕುವುದೂ ಬೇಡ.

ನನ್ನ ಆಯ್ಕೆ, ಹೊಸತನದ ಹಸಿವಿನವರಿಗೆ ನಿರಾಸೆಯಾದರೂ ಸರಿ, ತೇಲುಬುಡ್ಡೆಯ ಫ್ಲೋಟ್ ಸ್ವಿಚ್. ಸಂಪಿಗೊಂದು, ಟ್ಯಾಂಕಿಗೊಂದು. ಒಳಗೆ ಅಯಸ್ಕಾಂತ ಮತ್ತು ರೀಡ್ ಸ್ವಿಚ್ ಬಿಟ್ಟರೆ ಏನೂ ಇಲ್ಲ. ಸಂಪಿನದು ಮೇಲಿನದಕ್ಕಿಂತ ಮುಖ್ಯ. ಮೇಲೆ ತುಂಬಿ ಹರಿದರೆ ಹೋಗುವುದು ನೀರು ಮಾತ್ರ. ಸಂಪು ಒಣಗಿದ ಮೇಲೂ ಮೋಟಾರು ಓಡಿದರೆ ತಂಪಿಗೂ ಜಾರಿಕೆಗೂ ನೀರನ್ನೇ ನಂಬಿಕೊಂಡ ಪಂಪಿನ ಸೀಲು ಸುಡುತ್ತದೆ. ತಾರಸಿಯಿಂದ ಕೆಳಗಿನವರೆಗೆ ವೈಫೈ ಬೇಡ, ನಾಲ್ಕೆಳೆಯ ಕೇಬಲ್ ಎಳೆಯಿರಿ. ಕಾಂಕ್ರೀಟ್ ಛಾವಣಿ ಎರಡು ದಾಟುವಷ್ಟರಲ್ಲಿ ಸಿಗ್ನಲ್ ಸೊರಗಿರುತ್ತದೆ. ಕೇಬಲ್ಲಿಗೆ ಪಾಸ್‌ವರ್ಡ್ ಇಲ್ಲ, ಅಪ್‌ಡೇಟೂ ಇಲ್ಲ.

ಮುಂದಿನ ಗಂಡಾಂತರ ನೀಲಿ ಬಣ್ಣದ ಪುಟ್ಟ ರಿಲೇ. ಮೈಮೇಲೆ ಹತ್ತು ಆಂಪ್ ಎಂದು ಬರೆದಿರುವುದು ನಿಜ, ಆದರೆ ಆ ಲೆಕ್ಕ ಬಲ್ಬು, ಹೀಟರಿನಂಥವುಗಳಿಗೆ. ಒಂದು ಎಚ್‌ಪಿ ಮೋಟಾರು ಹೊರಡುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಕಿಡಿ ಹಾರಿ ಒಳಗಿನ ಎರಡು ಬಿಂದುಗಳು ಬೆಸೆದುಕೊಂಡವೆಂದರೆ ಪ್ರೋಗ್ರಾಂ ‘ನಿಲ್ಲು’ ಅಂದರೂ ಮೋಟಾರು ನಿಲ್ಲುವುದಿಲ್ಲ. ಹಾಗಾಗಿ ರಿಲೇಯು ಭಾರೀ ಕರೆಂಟು ತಾಳುವ ಕಾಂಟ್ಯಾಕ್ಟರಿಗೆ ಹೇಳಬೇಕು, ಕಾಂಟ್ಯಾಕ್ಟರ್ ಮೋಟಾರಿಗೆ ಹೇಳಬೇಕು. ಇಷ್ಟರ ವೈರಿಂಗನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿದರೆ ಹವ್ಯಾಸಿಯ ಮಾನವೇನೂ ಹೋಗದು.

ಇಷ್ಟೆಲ್ಲ ಕೂರಿಸಿದ ದಿನ ಅಮ್ಮ ಕೇಳಿದ್ದು ಒಂದೇ: ‘ಇದು ಕೆಟ್ಟೋದ್ರೆ ನಾನು ಹೇಗೋ ಮೋಟಾರ್ ಹಾಕ್ಲಿ?’

ಇದಕ್ಕೆ ಉತ್ತರವಿಲ್ಲದ ಪ್ರಾಜೆಕ್ಟನ್ನು ನಾನು ಮುಗಿದಿದ್ದೆಂದು ಒಪ್ಪುವುದಿಲ್ಲ. ಅದಕ್ಕಾಗಿ ಡಬ್ಬಿಯ ಹೊರಗೆ ಒಂದು ಆಟೋ-ಮ್ಯಾನುಯಲ್ ಸ್ವಿಚ್ ಇರಬೇಕು. ಮ್ಯಾನುಯಲ್ ಕಡೆ ತಿರುಗಿಸಿದರೆ ಇಎಸ್‌ಪಿ32 ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ, ಹಳೆಯ ಗೋಡೆಯ ಸ್ವಿಚ್ಚು ಹಳೆಯ ಹಾಗೇ ಕೆಲಸ ಮಾಡಬೇಕು. ಅದರ ಪಕ್ಕ ಕನ್ನಡದಲ್ಲಿ ಬರೆದ ಚೀಟಿ ಇರಬೇಕು. ಡಬ್ಬಿಯ ಮುಚ್ಚಳದ ಒಳಮೈಗೆ ಸರ್ಕ್ಯೂಟ್ ಚಿತ್ರ ಅಂಟಿಸಿರಬೇಕು, ರಿಪೇರಿಗೆ ಬಂದವನಿಗೆ ನಾವೇ ಎದುರಿಗಿದ್ದು ವಿವರಿಸುವ ಅಗತ್ಯ ಬೀಳಬಾರದು. ಮೊಬೈಲಿನಲ್ಲಿ ನೀರಿನ ಮಟ್ಟದ ಗ್ರಾಫ್ ನೋಡುವ ಸುಖವೂ ಇರಲಿ, ನಾನೇ ದಿನಾ ನೋಡುತ್ತೇನೆ. ಅದು ಊಟವಾದ ಮೇಲಿನ ಎಲೆಯಡಿಕೆ.

ಕೊನೆಯ ಖರೀದಿ ರೌಟರಿಗೆ. ಕರೆಂಟು ಹೋದಾಗ ಪವರ್‌ಬ್ಯಾಂಕಿನಿಂದ 12 ವೋಲ್ಟ್ ಎಳೆಯುವ ಪುಟ್ಟ ‘ಪಿಡಿ ಟ್ರಿಗರ್’ ಬೋರ್ಡು ಈಗ ಎಲ್ಲರ ಬಾಯಲ್ಲೂ ಇದೆ. ಯುಎಸ್‌ಬಿ ಪವರ್ ಡೆಲಿವರಿಯ ಮಾಮೂಲಿ ಮೆಟ್ಟಿಲುಗಳು 5, 9, 15, 20 ವೋಲ್ಟ್. 12 ಐಚ್ಛಿಕ. ಎಷ್ಟೋ ಪವರ್‌ಬ್ಯಾಂಕುಗಳು ಅದನ್ನು ಕೊಡುವುದೇ ಇಲ್ಲ. ಡಬ್ಬದ ಮೇಲಿನ ಸಣ್ಣಕ್ಷರ ಓದಿ, ಮೀಟರ್ ಹಿಡಿದು ನೋಡಿದ ಮೇಲೆ ರೌಟರಿಗೆ ಸಿಕ್ಕಿಸಿ. ಹತ್ತು ಸಾವಿರ ಎಂಎಎಚ್‌ನ ಒಂದು ಬ್ಯಾಂಕು ಏಳು ವಾಟಿನ ರೌಟರನ್ನು ನಾಲ್ಕು ಗಂಟೆಯಷ್ಟು ಎಳೆಯುತ್ತದೆ.

ಆದರೆ ಹಳೆಯ ಲ್ಯಾಪ್‌ಟಾಪ್ ಬ್ಯಾಟರಿ ಒಡೆದು 18650 ಸೆಲ್ಲುಗಳನ್ನು ಕಿತ್ತು, ಮೂರನ್ನು ಸರಣಿಯಲ್ಲಿ ಬೆಸೆದು ಯುಪಿಎಸ್ ಮಾಡುವ ಉಮೇದು ಬಂದರೆ ತಡೆದುಕೊಳ್ಳಿ. ವಯಸ್ಸು ಗೊತ್ತಿಲ್ಲದ ಲಿಥಿಯಂ ಸೆಲ್ಲುಗಳನ್ನು ಹಗಲಿರುಳು ಚಾರ್ಜಿನಲ್ಲಿಟ್ಟು, ಮರದ ಟಿವಿ ಸ್ಟ್ಯಾಂಡಿನ ಹಿಂದೆ ಬಿಟ್ಟು ಊರಿಗೆ ಹೋಗುವಷ್ಟು ಧೈರ್ಯ ನನಗಿಲ್ಲ. ಟ್ಯಾಂಕಿನದನ್ನು ಮನೆಯಲ್ಲೇ ಮಾಡಿ, ರೌಟರಿನ ಯುಪಿಎಸ್ಸನ್ನು ಅಂಗಡಿಯಿಂದ ತನ್ನಿ. ಬಿಲ್ಲು ಕೇಳಿ ಪಡೆಯಿರಿ, ವಾರಂಟಿ ಇರುತ್ತದೆ.