ಶಾಲಾ ಲ್ಯಾಟಿನ್ನಿನ ವಿಭಕ್ತಿಪಾಠ: ಮೂರು ಪಠ್ಯಕ್ರಮಗಳ ಪರಾಮರ್ಶೆ

ಲ್ಯಾಟಿನ್ ಕಠಿಣ ಭಾಷೆ ಎಂಬ ಮಾತು ನಮ್ಮನ್ನು ತಲುಪಿರುವುದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಬರೆದ ಪಠ್ಯಪುಸ್ತಕಗಳ ಮೂಲಕ. ಕಾಠಿನ್ಯವೆಂದರೆ ಏನು ಎಂದು ಈ ಪುಸ್ತಕಗಳನ್ನು ಕೇಳಿದರೆ ದೊರೆಯುವ ಉತ್ತರ ಒಂದೇ: ನಾಮಪದಗಳಿಗೆ ವಿಭಕ್ತಿಪ್ರತ್ಯಯ ಹತ್ತುತ್ತದೆ, ಕ್ರಿಯಾಪದ ವಾಕ್ಯದ ಕೊನೆಗೆ ಹೋಗುತ್ತದೆ, ಪದಗಳು ಸ್ಥಾನ ಬದಲಿಸಿದರೂ ಅರ್ಥ ಬದಲಾಗುವುದಿಲ್ಲ. ಇವು ಮೂರೂ ಕನ್ನಡದ ಲಕ್ಷಣಗಳೂ ಹೌದು. ಹಾಗಿದ್ದರೆ ತರಗತಿಯಲ್ಲಿ ಯಾವುದನ್ನು ಮೊದಲು, ಯಾವುದನ್ನು ಅನಂತರ ಕಲಿಸಬೇಕೆಂಬುದನ್ನು ನಿರ್ಧರಿಸುತ್ತಿರುವುದು ಲ್ಯಾಟಿನ್ನೋ, ಅದನ್ನು ಕಲಿಯುವವನ ಮನೆಮಾತೋ? ಈ ಲೇಖನದಲ್ಲಿ ನಾವು ಪರಿಶೀಲಿಸುವುದು ಈ ಪ್ರಶ್ನೆಯನ್ನು.

ಪ್ರಶ್ನೆ ಕೇವಲ ತಾತ್ತ್ವಿಕವಲ್ಲ. ಕನ್ನಡ ಬಲ್ಲವರು ಲ್ಯಾಟಿನ್ನಿನ ಹತ್ತಿರ ಹೋಗುವ ಸಂದರ್ಭಗಳು ವಿರಳವಾದರೂ ಇಲ್ಲದಿಲ್ಲ. ಕ್ರೈಸ್ತ ಗುರುಮಠಗಳ ವಿದ್ಯಾರ್ಥಿಗಳಿದ್ದಾರೆ, ಮಿಷನರಿ ದಾಖಲೆಗಳನ್ನು ಓದುವ ಇತಿಹಾಸಕಾರರಿದ್ದಾರೆ. 2011ರ ಕೊನೆಯವರೆಗೆ ಹೊಸ ಸಸ್ಯಪ್ರಭೇದವೊಂದನ್ನು ವಿಧ್ಯುಕ್ತವಾಗಿ ಪ್ರಕಟಿಸಲು ಲ್ಯಾಟಿನ್ ವರ್ಣನೆ ಕಡ್ಡಾಯವಾಗಿತ್ತು. ಆದುದರಿಂದ ಪಶ್ಚಿಮಘಟ್ಟದ ಸಸ್ಯಶಾಸ್ತ್ರಜ್ಞರಿಗೂ ಈ ಭಾಷೆಯ ಹಂಗು ಇತ್ತು. ಇವರೆಲ್ಲ ಹಿಡಿಯುವ ಪುಸ್ತಕಗಳು ಸಾಮಾನ್ಯವಾಗಿ ಇಂಗ್ಲಿಷಿನವು. ಲ್ಯಾಟಿನ್ ವಾಕ್ಯವನ್ನು ಇವರು ಮೊದಲು ಇಂಗ್ಲಿಷಿಗೆ ಒಡೆದು, ಅಲ್ಲಿಂದ ತಮ್ಮ ಮಾತಿಗೆ ತಂದುಕೊಳ್ಳುತ್ತಾರೆ. ದಾರಿಯಲ್ಲಿ ಎರಡು ಬಾರಿ ಸುಂಕ ತೆರುತ್ತಾರೆ.

ಹಳೆಯ ಕ್ರಮದ ಪ್ರತಿನಿಧಿ ಬೆಂಜಮಿನ್ ಹಾಲ್ ಕೆನಡಿಯ ವ್ಯಾಕರಣ. 1866ರ 'ಪಬ್ಲಿಕ್ ಸ್ಕೂಲ್ ಲ್ಯಾಟಿನ್ ಪ್ರೈಮರ್' 1888ರಲ್ಲಿ ಪರಿಷ್ಕೃತವಾಗಿ ಬಂದು ಇಂಗ್ಲೆಂಡಿನ ಹಲವು ತಲೆಮಾರುಗಳನ್ನು ಆಳಿತು. ಪರಿಷ್ಕರಣದಲ್ಲಿ ಅವನ ಹೆಣ್ಣುಮಕ್ಕಳಾದ ಮೇರಿಯನ್ ಮತ್ತು ಜೂಲಿಯಾ ಅವರ ಪಾಲು ದೊಡ್ಡದು. ಮುಖಪುಟದಲ್ಲಿ ಮಾತ್ರ ತಂದೆಯ ಹೆಸರು. (ಅದರ ಸಂಗ್ರಹರೂಪವಾದ 'ಶಾರ್ಟರ್ ಲ್ಯಾಟಿನ್ ಪ್ರೈಮರ್' ಎಂಬುದನ್ನು ಹುಡುಗರು ಶಾಯಿಯಿಂದ ತಿದ್ದಿ 'ಶಾರ್ಟ್‌ಬ್ರೆಡ್ ಈಟಿಂಗ್ ಪ್ರೈಮರ್' ಮಾಡುತ್ತಿದ್ದುದು ಆ ಪುಸ್ತಕಕ್ಕೆ ಸಂದ ಪ್ರಾಮಾಣಿಕ ವಿಮರ್ಶೆಗಳಲ್ಲೊಂದು.) ಇಲ್ಲಿ ಪಾಠವೆಂದರೆ ಕೋಷ್ಟಕ. 'ಮೇನ್ಸ, ಮೇನ್ಸ, ಮೇನ್ಸಮ್, ಮೇನ್ಸೈ' ಎಂದು ಮೇಜಿನ ರೂಪಗಳನ್ನು ಮೊದಲು ಬಾಯಿಪಾಠ ಮಾಡಬೇಕು, ವಾಕ್ಯ ಅನಂತರ. ಸಂಬೋಧನೆಯ ರೂಪ ಏತಕ್ಕೆಂದು ಕೇಳಿ, ಮೇಜನ್ನು ಕರೆಯುವುದಕ್ಕೆಂದು ಉತ್ತರ ಪಡೆದು ಬೆರಗಾದ ಬಾಲಕ ಚರ್ಚಿಲ್ಲನ ಪ್ರಸಂಗ ಅವನ 1930ರ ಆತ್ಮಕಥೆಯಿಂದ ಪ್ರಸಿದ್ಧವಾಗಿದೆ. 'ಎಲೈ ಮರವೇ' ಎಂದು ಹೇಳಿಕೊಂಡು ಬೆಳೆದ ನಮಗೆ ಆ ಬೆರಗು ಅಪರಿಚಿತವಲ್ಲ.

ಆದರೆ ಕೆನಡಿಯ ಕೋಷ್ಟಕದಲ್ಲಿ ನಗುವಿಗಿಂತ ಮಿಗಿಲಾದುದು ಒಂದಿದೆ. ಪ್ರಾಚೀನ ರೋಮನ್ ವೈಯಾಕರಣರ ಕ್ರಮದಲ್ಲಿ ಪ್ರಥಮೆಯ ಬೆನ್ನಿಗೆ ಷಷ್ಠಿ ಬರುತ್ತಿತ್ತು. ಅಮೆರಿಕದ ಪುಸ್ತಕಗಳು ಇಂದಿಗೂ ಹೆಚ್ಚಾಗಿ ಹಾಗೆಯೇ ಇಡುತ್ತವೆ. ಡೆನ್ಮಾರ್ಕಿನ ಮಾಡ್ವಿಗ್‌ನ ದಾರಿಯಲ್ಲಿ ನಡೆದ ಕೆನಡಿ, ರೂಪಸಾಮ್ಯವಿರುವವನ್ನು ಒಟ್ಟಿಗೆ ಇಟ್ಟ: ಪ್ರಥಮೆ, ಸಂಬೋಧನೆ, ದ್ವಿತೀಯೆ ಒಂದು ಕಡೆ; ಚತುರ್ಥಿ ಮತ್ತು ಅಬ್ಲೇಟಿವ್ ಇನ್ನೊಂದು ಕಡೆ. ನಪುಂಸಕದಲ್ಲಿ ಮೊದಲ ಮೂರು ಒಂದೇ. ಬಹುವಚನದಲ್ಲಿ ಕೊನೆಯೆರಡು ಒಂದೇ. ಸಂಸ್ಕೃತದ ವಿಭಕ್ತಿಕ್ರಮದಲ್ಲಿ ಚತುರ್ಥೀ ಪಂಚಮೀ ಬಹುವಚನಗಳು ನೆರೆಹೊರೆಯಾಗಿರುವುದನ್ನು ಬಲ್ಲವರಿಗೆ ಈ ಜಾಣತನ ತಕ್ಷಣ ಹೊಳೆಯುತ್ತದೆ. ಕ್ರಮವೆಂಬುದು ಭಾಷೆಯ ಒಳಗಿನಿಂದ ಹುಟ್ಟಿದ ಉದಾಹರಣೆ ಇದು. ಕೆನಡಿಯ ದೋಷ ಬೇರೆಡೆ ಇದೆ: ರೂಪವನ್ನು ಅರ್ಥದಿಂದ ಬಿಡಿಸಿ ವರ್ಷಗಟ್ಟಲೆ ಕಾಯಿಸುವುದರಲ್ಲಿ.

1960ರಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳು ಪ್ರವೇಶಕ್ಕೆ ಲ್ಯಾಟಿನ್ ಕಡ್ಡಾಯವೆಂಬ ನಿಯಮವನ್ನು ಕೈಬಿಟ್ಟವು. ಓದುವ ಒತ್ತಾಯ ಹೋದ ಮೇಲೆ ಓದುವ ಕಾರಣವನ್ನು ಹುಡುಕಬೇಕಾಯಿತು. 1966ರಲ್ಲಿ ನಫೀಲ್ಡ್ ಪ್ರತಿಷ್ಠಾನದ ನೆರವಿನಿಂದ ಹುಟ್ಟಿದ ಯೋಜನೆಯ ಫಲವೇ 1970ರಿಂದ ಪ್ರಕಟವಾದ 'ಕೇಂಬ್ರಿಜ್ ಲ್ಯಾಟಿನ್ ಕೋರ್ಸ್'. ಇದರ ಮೊದಲ ಪುಸ್ತಕ ಪೊಂಪೇ ನಗರದಲ್ಲಿ ನಡೆಯುವ ಕಥೆ. ನಾಯಕ ಕೈಕಿಲಿಯುಸ್ ನಿಜವಾಗಿ ಬದುಕಿದ್ದ ಲೇವಾದೇವಿಗಾರ. 1875ರಲ್ಲಿ ಅವನ ಮನೆಯಲ್ಲಿ ಮೇಣದ ಲೆಕ್ಕದ ಹಲಗೆಗಳು ಸಿಕ್ಕಿವೆ. ವ್ಯಾಕರಣಕ್ಕಿಂತ ಓದು ಮೊದಲು, ಚಿತ್ರದೊಡನೆ ವಾಕ್ಯ, ನಿಯಮದ ವಿವರಣೆ ಅನಂತರ. ಸತ್ತುಹೋಗಬಹುದಾಗಿದ್ದ ಶಾಲಾ ವಿಷಯವೊಂದು ಉಳಿದುದರಲ್ಲಿ ಈ ಪುಸ್ತಕದ ಪಾಲು ದೊಡ್ಡದೆಂಬುದನ್ನು ನಾವು ಸಂಕೋಚವಿಲ್ಲದೆ ಒಪ್ಪುತ್ತೇವೆ. 2022ರ ಆವೃತ್ತಿ ಮನೆಗೆ ಲೂಕಿಯಾ ಎಂಬ ಮಗಳನ್ನು ಸೇರಿಸಿ, ಹುಡುಗಿಯರು ಓದುವ ತರಗತಿಯಲ್ಲಿ ಹುಡುಗಿಯೇ ಇಲ್ಲದ ಕೊರತೆಯನ್ನು ಸರಿಪಡಿಸಿತು.

ನಮ್ಮ ಆಕ್ಷೇಪ ಪಾಠಗಳ ಅನುಕ್ರಮವನ್ನು ಕುರಿತದ್ದು. ಮೊದಲ ಪಾಠದಲ್ಲಿ 'ಎಸ್ತ್' (ಇದ್ದಾನೆ) ಎಂಬ ಕ್ರಿಯೆ ಇಂಗ್ಲಿಷಿನಂತೆ ಕರ್ತೃವಿನ ಮಗ್ಗುಲಲ್ಲೇ ನಿಲ್ಲುತ್ತದೆ. ಉಳಿದ ಕ್ರಿಯೆಗಳನ್ನು ಮೆಲ್ಲಗೆ ವಾಕ್ಯಾಂತ್ಯಕ್ಕೆ ಸರಿಸಲಾಗುತ್ತದೆ. ಇಂಗ್ಲಿಷ್ ಮಗುವಿಗೆ ಇದು ಮೆಟ್ಟಿಲು. ಎರಡನೆಯ ಪಾಠದಲ್ಲಿ ದ್ವಿತೀಯೆ, ಒಂಬತ್ತನೆಯದರಲ್ಲಿ ಚತುರ್ಥಿ, ಹದಿನೇಳನೆಯದರಲ್ಲಿ ಷಷ್ಠಿ; ಅಬ್ಲೇಟಿವ್ ಮೊದಲಿನಿಂದ ಪುಟಗಳಲ್ಲಿ ಓಡಾಡುತ್ತಿದ್ದರೂ ಅದರ ಕ್ರಮಬದ್ಧ ವಿವರಣೆ ಬರುವುದು ಬಹಳ ದೂರ ಸಾಗಿದ ಮೇಲೆ. ಮೊದಲ ಪುಸ್ತಕದ ಬಹುಪಾಲು ವಾಕ್ಯಗಳು ಕರ್ತೃ-ಕರ್ಮ-ಕ್ರಿಯೆ ಎಂಬ ಒಂದೇ ಕ್ರಮದವು. ಕರ್ತೃ ಸಾಮಾನ್ಯವಾಗಿ ಮನುಷ್ಯ, ಕರ್ಮ ಹಲವೊಮ್ಮೆ ಊಟವೋ ಹಣವೋ. ಅಡಿಗೆಯವನು ಊಟವನ್ನು ಬಡಿಸಿಯಾನೇ ಹೊರತು ಊಟ ಅಡಿಗೆಯವನನ್ನು ಬಡಿಸಲಾರದು. ಆದುದರಿಂದ ಪದಾಂತ್ಯದ 'ಮ್'ಕಾರವನ್ನು ನೋಡದೆಯೇ ಮಗು ಸರಿಯಾದ ಉತ್ತರ ಹೇಳಬಲ್ಲದು. ಪ್ರತ್ಯಯವನ್ನು ಕಲಿತೆನೆಂದುಕೊಂಡ ಮಗು ನಿಜವಾಗಿ ಕಲಿತಿರುವುದು ಒಂದು ಸ್ಥಾನದ ಬದಲು ಇನ್ನೊಂದು ಸ್ಥಾನವನ್ನು. 'ಸೆರ್ವುಮ್ ಮೆರ್ಕಾತೊರ್ ವೊಕತ್' ಎಂಬ ಮೂರು ಪದಗಳನ್ನು ಮುಂದಿಟ್ಟರೆ ಸಾಕು, ಈ ಕಲಿಕೆ ಕುಸಿಯುತ್ತದೆ: ಸೇವಕ ವ್ಯಾಪಾರಿಯನ್ನು ಕರೆಯುತ್ತಾನೆಂದು ಅರ್ಥ ಬರುತ್ತದೆ. 'ಸೇವಕನನ್ನು ವ್ಯಾಪಾರಿ ಕರೆಯುತ್ತಾನೆ' ಎಂಬ ಕನ್ನಡವನ್ನು ಐದು ವರ್ಷದ ಮಗುವೂ ತಪ್ಪಾಗಿ ತಿಳಿಯದು.

ಚತುರ್ಥಿಯ ಸಂಗತಿ ಇನ್ನೂ ಸ್ವಾರಸ್ಯವಾದುದು. 'ಮಿಹಿ ದುಒ ಫ್ರಾತ್ರೇಸ್ ಸುಂತ್' ಎಂಬುದು ಪದಕ್ಕೆ ಪದವಾಗಿ 'ನನಗೆ ಇಬ್ಬರು ಸಹೋದರರು ಇದ್ದಾರೆ'. 'ಮಿಹಿ ಪ್ಲಕೆತ್' ಎಂದರೆ 'ನನಗೆ ಹಿಡಿಸುತ್ತದೆ'. ಇಂಗ್ಲಿಷಿನ ವ್ಯಾಕರಣಗಳು ಇವನ್ನು ಚತುರ್ಥಿಯ 'ವಿಶೇಷ ಪ್ರಯೋಗ'ಗಳೆಂದು ಹೆಸರಿಸಿ, ಕೊಡುವ ಕ್ರಿಯೆಯ ಸಾಧಾರಣ ಚತುರ್ಥಿಯ ಹಿಂದೆ ಎಲ್ಲೋ ಇಡುತ್ತವೆ. ವಿಶೇಷವಿರುವುದು ಯಾರಿಗೆ? ಹಸಿವು, ನೆನಪು, ಕೋಪ, ನೆಂಟಸ್ತಿಕೆಗಳನ್ನೆಲ್ಲ 'ನನಗೆ' ಎಂದೇ ಆರಂಭಿಸುವ ಭಾಷೆಯವರಿಗೆ ಇದು ಮೊದಲ ವಾರದ ಪಾಠವಾಗಬಲ್ಲದು. 'ಉರ್ಬೆ ಕಪ್ತಾ' ಎಂಬ ಪ್ರಸಿದ್ಧ ರಚನೆಯನ್ನು ಇಂಗ್ಲಿಷ್ ತರಗತಿಗಳು, ಯಾವ ಇಂಗ್ಲಿಷನೂ ಆಡದ ಕರ್ಮಣಿ ವಾಕ್ಯವೊಂದಕ್ಕೆ ತಿರುಗಿಸಿ, ಮತ್ತೆ ಅದನ್ನು ಒಳ್ಳೆಯ ಇಂಗ್ಲಿಷಿಗೆ ತಿದ್ದುತ್ತವೆ. ನಮಗೆ 'ಪಟ್ಟಣವನ್ನು ಗೆದ್ದು' ಎಂಬ ಪೂರ್ವಕಾಲಕೃದಂತ ಎದುರಿಗೇ ಇದೆ. ಲ್ಯಾಟಿನ್ನಿಗೆ ಕರ್ತರಿಯ ಭೂತಕೃದಂತ ಸಾಮಾನ್ಯವಾಗಿ ಇಲ್ಲದುದರಿಂದ ಅದು ಕರ್ಮಣಿಯ ದಾರಿ ಹಿಡಿಯುತ್ತದೆಂದು ತಿಳಿಸಿದರೆ ಸಾಕು. 'ಪತೆರ್ ಮಾತೆರ್‌ಕ್ವೆ' ಎಂಬಲ್ಲಿ ಕೊನೆಗೆ ಅಂಟುವ 'ಕ್ವೆ' ನಮ್ಮ 'ತಂದೆಯೂ ತಾಯಿಯೂ' ಎಂಬಲ್ಲಿನ 'ಊ'ಕಾರದ ಕೆಲಸ ಮಾಡುತ್ತದೆ. 'ವೇನಿತ್‌ನೆ' ಎಂದರೆ 'ಬಂದನೆ?', ಇಲ್ಲಿನ 'ನೆ' ಧ್ವನಿಸಾಮ್ಯ ಕೇವಲ ಆಕಸ್ಮಿಕವೆಂದು ಮಾತ್ರ ಉಪಾಧ್ಯಾಯರು ಎಚ್ಚರಿಸಬೇಕಾದೀತು.

ಇಷ್ಟು ಹೇಳಿ, ಕನ್ನಡಿಗರಿಗೆ ಲ್ಯಾಟಿನ್ ಸುಲಭವೆಂದು ತೀರ್ಮಾನಿಸಿದರೆ ನಾವೂ ಅದೇ ತಪ್ಪನ್ನು ತಿರುಗಿಸಿ ಮಾಡಿದಂತೆ. ನಮಗೆ ಎಡವುವ ಕಲ್ಲುಗಳು ಬೇರೆ. ಇಂಗ್ಲಿಷ್ ಪುಸ್ತಕಗಳು ಅವನ್ನು ಗಮನಿಸುವ ಕಾರಣವೇ ಇಲ್ಲ. ಮುಖ್ಯವಾದುದು ದ್ವಿತೀಯೆಯೇ. ಕನ್ನಡದಲ್ಲಿ 'ಪುಸ್ತಕ ಓದಿದಳು', 'ಪುಸ್ತಕವನ್ನು ಓದಿದಳು' ಎರಡೂ ಸಾಧು. ಅಚೇತನ ಕರ್ಮಕ್ಕೆ ಪ್ರತ್ಯಯ ಐಚ್ಛಿಕ. ಅದು ಬಂದಾಗ ಗೊತ್ತಾದ ಒಂದು ಪುಸ್ತಕವೆಂಬ ನಿರ್ದಿಷ್ಟತೆಯ ಛಾಯೆ ಸೇರುತ್ತದೆ. ಲ್ಯಾಟಿನ್ನಿನಲ್ಲಿ ಹಾಗಿಲ್ಲ: 'ಲಿಬ್ರುಮ್' ಎಂಬುದು ಯಾವುದೋ ಪುಸ್ತಕವಾದರೂ 'ಲಿಬ್ರುಮ್', ಆ ಪುಸ್ತಕವಾದರೂ 'ಲಿಬ್ರುಮ್'. ಲ್ಯಾಟಿನ್ನಿಗೆ ನಿರ್ದೇಶಕ ಉಪಪದಗಳಿಲ್ಲವೆಂದು ಇಂಗ್ಲಿಷ್ ಪುಸ್ತಕ ಹೇಳುವ ಒಂದು ಸಾಲು, ಉಪಪದಗಳೇ ಇಲ್ಲದ ನಮಗೆ ಏನನ್ನೂ ತಿಳಿಸುವುದಿಲ್ಲ. ನಮಗೆ ಬೇಕಾದ ಎಚ್ಚರಿಕೆ ಆ ಪುಸ್ತಕದಲ್ಲಿ ಬರೆಯದೆ ಉಳಿದ ಸಾಲು. ಎರಡನೆಯದು ವಿಶೇಷಣದ ಅನ್ವಯ. 'ಒಳ್ಳೆಯ ರೈತ', 'ಒಳ್ಳೆಯ ಮೇಜು' ಎಂದು ಬದಲಾಗದ ಗುಣವಾಚಕಗಳಿಗೆ ಒಗ್ಗಿದವರಿಗೆ, 'ಅಗ್ರಿಕೊಲ ಬೊನುಸ್' ಎಂಬಲ್ಲಿ ಅಂತ್ಯಾಕ್ಷರಗಳು ಬೇರೆಬೇರೆಯಾಗಿದ್ದೂ ಅನ್ವಯ ಕೂಡಿದೆಯೆಂಬುದು ಸುಲಭವಾಗಿ ದಕ್ಕದು. ಸಂಬಂಧಸೂಚಕ ಸರ್ವನಾಮ ಮೂರನೆಯದು: 'ಕರೆಯುವ ಸೇವಕ' ಎಂಬ ನಮ್ಮ ಕೃದಂತದಲ್ಲಿ ಅವನು ಕರೆಯುವವನೋ ಕರೆಸಿಕೊಳ್ಳುವವನೋ ಎಂಬುದು ಸಂದರ್ಭಕ್ಕೆ ಬಿಟ್ಟದ್ದು, ಲ್ಯಾಟಿನ್ 'ಕ್ವೀ', 'ಕ್ವೆಮ್' ಎಂದು ಬಿಡಿಸಿ ಹೇಳುತ್ತದೆ.

ಅಬ್ಲೇಟಿವ್ ಕುರಿತು ನಮ್ಮದೇ ಶಾಲಾವ್ಯಾಕರಣ ಅಡ್ಡ ಬರುತ್ತದೆ. ಈ ಲ್ಯಾಟಿನ್ ವಿಭಕ್ತಿ ಮೂಲದ ತೃತೀಯೆ, ಪಂಚಮಿ, ಸಪ್ತಮಿಗಳು ಬೆರೆತು ಆದದ್ದು. ಕನ್ನಡದ 'ಇಂದ' ಪ್ರತ್ಯಯ 'ಕತ್ತಿಯಿಂದ', 'ಮನೆಯಿಂದ' ಎಂದು ಅದರ ಎರಡು ಕೆಲಸಗಳನ್ನು ತಾನೇ ಮಾಡುತ್ತದೆ. ಆದರೆ ಸಂಸ್ಕೃತದ ಏಳರ ಲೆಕ್ಕ ತುಂಬಿಸಲು 'ದೆಸೆಯಿಂದ' ಎಂಬ ಪಂಚಮಿಯನ್ನು ಪ್ರತ್ಯೇಕವಾಗಿ ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಈ ಸಾಮ್ಯ ಕಾಣಿಸುವುದಿಲ್ಲ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂಬ ಡಿ. ಎನ್. ಶಂಕರ ಭಟ್ಟರ ವಾದದ ಪ್ರಯೋಜನ ಲ್ಯಾಟಿನ್ ತರಗತಿಯಲ್ಲೂ ಕಂಡೀತೆಂದು ಅವರು ಎಣಿಸಿದ್ದರೋ ಇಲ್ಲವೋ, ನಮಗಂತೂ ಅದು ಕಾಣುತ್ತದೆ.

ಮಧ್ಯಸ್ಥ ಭಾಷೆಯನ್ನೇ ತೆಗೆದುಹಾಕುವ ಪ್ರಯತ್ನ ಡೆನ್ಮಾರ್ಕಿನ ಹಾನ್ಸ್ ಎರ್ಬೆರ್ಗ್‌ನದು. 1955ರಲ್ಲಿ ಮೊದಲು ಹೊರಬಂದು, ಮುಂದೆ 'ಲಿಂಗ್ವಾ ಲತೀನಾ ಪೆರ್ ಸೇ ಇಲ್ಲುಸ್ತ್ರಾತಾ' ಎಂಬ ಹೆಸರು ಪಡೆದ ಅವನ ಪುಸ್ತಕದಲ್ಲಿ ಮೊದಲ ಪುಟದಿಂದ ಕೊನೆಯವರೆಗೆ ಲ್ಯಾಟಿನ್ನಲ್ಲದೆ ಬೇರೆ ಮಾತಿಲ್ಲ. ತತ್ತ್ವತಃ ಇದು ಎಲ್ಲರಿಗೂ ಸಮಾನ. ಆದರೆ ಭೂಪಟವೊಂದರಿಂದ ತೊಡಗುವ ಮೊದಲ ಅಧ್ಯಾಯದಲ್ಲಿ ಪ್ರಾಂತ, ದ್ವೀಪ, ಸಂಖ್ಯೆ, ಅಕ್ಷರಗಳನ್ನು ಹೆಸರಿಸುವ ಶಬ್ದಗಳಲ್ಲಿ ಬಹಳಷ್ಟು ಐರೋಪ್ಯ ಓದುಗನಿಗೆ ಆಗಲೇ ಅರ್ಧ ಗೊತ್ತಿರುವವು. ಪುಸ್ತಕ ತನ್ನನ್ನು ತಾನೇ ವಿವರಿಸಿಕೊಳ್ಳುತ್ತದೆ ಎಂಬಲ್ಲಿ ಈ ಗುಪ್ತ ನೆರವೂ ಸೇರಿದೆ. ನಮ್ಮ ನೆರವು ಬರಬೇಕಾದದ್ದು ಸಂಸ್ಕೃತದ ಕಡೆಯಿಂದ: 'ಇಗ್ನಿಸ್' ಅಗ್ನಿ, 'ಸೆಪ್ತೆಮ್' ಸಪ್ತ, 'ವಿದುಅ' ವಿಧವೆ, 'ನೊವುಸ್' ನವ. ಜೊತೆಗೆ ಮೋಸದ ನೆಂಟರೂ ಇದ್ದಾರೆ. 'ವಿರ್' ಎಂದರೆ ವೀರನಲ್ಲ, ಬರಿಯ ಗಂಡಸು.

ಕೊನೆಗೆ ಲಿಪಿಯ ವಿಚಾರ. ಲ್ಯಾಟಿನ್ನಿನ ಐದು ಸ್ವರಗಳಿಗೂ ಹ್ರಸ್ವದೀರ್ಘ ಭೇದವಿದೆ, ಅದು ಅರ್ಥಭೇದಕವೂ ಹೌದು. ರೋಮನ್ ಲಿಪಿಯ ಪುಸ್ತಕಗಳು ಇದನ್ನು ಅಕ್ಷರದ ಮೇಲೊಂದು ಗೆರೆಯೆಳೆದು ಸೂಚಿಸುತ್ತವೆ. ಇಂಗ್ಲಿಷ್ ಮಗು ಅದನ್ನು ಅಲಂಕಾರವೆಂದು ದಾಟಿಹೋಗುವುದು ಸಹಜ. ಸಂಸ್ಕೃತ ಬರೆಯುವ ದೇವನಾಗರಿಗೂ ಹ್ರಸ್ವ ಎಕಾರ ಒಕಾರಗಳಿಲ್ಲ. ಕನ್ನಡ ಲಿಪಿಯಲ್ಲಿ ಹತ್ತೂ ಸ್ವರಗಳು ಯಾವ ಹೊಸ ಗುರುತೂ ಇಲ್ಲದೆ ಕೂರುತ್ತವೆ. 'ಮೇನ್ಸ' ಪ್ರಥಮೆ, 'ಮೇನ್ಸಾ' ಅಬ್ಲೇಟಿವ್. 'ಆನುಸ್' ಉಂಗುರ, 'ಅನುಸ್' ಮುದುಕಿ. 'ವೆನಿತ್' ಬರುತ್ತಾನೆ, 'ವೇನಿತ್' ಬಂದನು. 'ಲೆಗಿತ್' ಓದುತ್ತಾಳೆ, 'ಲೇಗಿತ್' ಓದಿದಳು. ಲ್ಯಾಟಿನ್ನನ್ನು ಕನ್ನಡದಿಂದ ಕಲಿಸುವ ಪುಸ್ತಕವೊಂದನ್ನು ಬರೆಯುವವರು ಮೊದಲ ಕೆಲವು ಪಾಠಗಳನ್ನು ಕನ್ನಡ ಅಕ್ಷರಗಳಲ್ಲೇ ಅಚ್ಚು ಹಾಕಿ, 'ಮಿಹಿ'ಯಿಂದ ಆರಂಭಿಸಿ, ಕ್ರಿಯೆಯನ್ನು ಮೊದಲ ದಿನವೇ ವಾಕ್ಯದ ಕೊನೆಗಿಟ್ಟು, ಹಾಗೆ ಉಳಿದ ತರಗತಿಯ ವೇಳೆಯನ್ನೆಲ್ಲ ಐಚ್ಛಿಕವಲ್ಲದ ಆ ಒಂದು 'ಮ್'ಕಾರಕ್ಕೂ 'ಬೊನುಸ್', 'ಬೊನ', 'ಬೊನುಮ್'ಗಳಿಗೂ ಮೀಸಲಿಡಬಹುದು.